ನೆಲ ಕರೆದ ಸಂಜೆ

ಅಮ್ಮನಿಗೆ ಬುದ್ಧಿ ಕೆಡುತ್ತಿದೆ, ಆರೈಕೆ ಕೇಂದ್ರಕ್ಕೆ ಸೇರಿಸಿಬಿಡಿ ಎಂದು ಡಾಕ್ಟರು ಹೇಳಿದ ದಿನ ಗಿಣಿ ಕಲಸಿದ ಅನ್ನವನ್ನು ಹಾಗೇ ಬಿಟ್ಟು ಎದ್ದಳು. ಗಿಣಿ ಅನ್ನುವುದು ಬೀದಿಯವರು ಇಟ್ಟ ಹೆಸರು. ಚಿಕ್ಕಂದಿನಲ್ಲಿ ಅವಳ ಬಾಯಿಗೆ ಬಿಡುವೇ ಇರಲಿಲ್ಲ. ಈಗಲೂ ಹೊಟ್ಟೆಪಾಡು ಆ ಬಾಯಿಂದಲೇ: ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು, ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಮೈಕಿನಲ್ಲಿ ಕೂಗುವ ಕೆಲಸ. ಊರಿಗೆಲ್ಲ ಕೇಳಿಸುವ ಆ ದನಿ ಹೆತ್ತವಳಿಗೆ ಮಾತ್ರ ಒಂದು ದಿನವೂ ಕೇಳಿಸಲಿಲ್ಲ. ಅಮ್ಮ ಹುಟ್ಟುಕಿವುಡಿ.

ಕಿವಿಯೊಂದೇ ಆಗಿದ್ದರೆ ಚಿಂತೆಯಿರಲಿಲ್ಲ, ಅದರ ಜೊತೆಗೇ ಅವಳು ಬದುಕು ಕಟ್ಟಿಕೊಂಡಿದ್ದಳು. ಈಗ ಕಣ್ಣೂ ಹೋಗಿದೆ. ಯಾರಾದರೂ ಮುಟ್ಟಿದರೆ ಬೆಚ್ಚಿಬಿದ್ದು ಕಿರುಚುತ್ತಾಳೆ. ಎಲ್ಲಿಂದಲೋ ಒಂದು ಕೈ ಬಂದು ಹೆಗಲ ಮೇಲೆ ಬಿದ್ದರೆ ಯಾರಿಗೆ ತಾನೇ ಜೀವ ಬಾಯಿಗೆ ಬರುವುದಿಲ್ಲ, ಹೇಳಿ! ಮೊನ್ನೆ ತಟ್ಟೆ ಹಿಡಿದು ಹೋದ ಅಳಿಯನ ಕೆನ್ನೆಗೇ ಬಾರಿಸಿದಳು. ಆಮೇಲೆ ಗೋಡೆ ಕಡೆ ತಿರುಗಿ ಕೂತವಳು ತುತ್ತು ಮುಟ್ಟಲಿಲ್ಲ.

"ನಂಗೇನೂ ಬೇಜಾರಿಲ್ಲ ಕಣೇ. ಆದ್ರೆ ಹಿಂಗೇ ಆದ್ರೆ ಅತ್ತೆ ನಮ್ ಕೈಗೆ ಸಿಗಲ್ಲ," ಎಂದ ಗಂಡ. ಒಳ್ಳೆಯವನು, ನಿಜವನ್ನೇ ಹೇಳಿದ್ದ. ಅದಕ್ಕೇ ಅವಳಿಗೆ ಇನ್ನಷ್ಟು ಸಂಕಟವಾಯಿತು.

ಹಳೆಯ ಮನೆಯಲ್ಲಿ ಈ ಪಾಡಿರಲಿಲ್ಲ. ಕಾಗದದ ಗೋದಾಮಿನ ಮೇಲೆ ಒಂದೇ ಕೋಣೆ, ಹಲಗೆಯ ನೆಲ. ಬಾಗಿಲಿಗೆ ಬೆನ್ನು ಮಾಡಿ, ಕಿಟಕಿಯ ಬೆಳಕಿಗೆ ಮೇಜು ಎಳೆದುಕೊಂಡು, ಅಮ್ಮ ಬೀದಿಯವರ ಅಂಗಿಗಳಿಗೆಲ್ಲ ಇಸ್ತ್ರಿ ಹಾಕುತ್ತಿದ್ದಳು. ಗಿಣಿ ಬಾಗಿಲಲ್ಲಿ ನಿಂತು ಹಿಮ್ಮಡಿಯಿಂದ ಧಡ್ ಧಡ್ ಎಂದು ಎರಡು ಸಲ ತುಳಿದರೆ ಸಾಕು, ಹಲಗೆ ಅದುರಿ ಅಮ್ಮನ ಬರಿಗಾಲಿಗೆ ಗೊತ್ತಾಗುತ್ತಿತ್ತು. ಇಸ್ತ್ರಿಪೆಟ್ಟಿಗೆ ನಿಲ್ಲಿಸಿ, ತಿರುಗಿ, ಗದ್ದ ಮೇಲೆತ್ತುತ್ತಿದ್ದಳು, ಏನು ಅಂತ. ಎರಡು ತುಳಿತ ಅಂದರೆ 'ಅಮ್ಮಾ'. ಮಿಕ್ಕ ಮಾತೆಲ್ಲ ಕೈಸನ್ನೆಯಲ್ಲಿ ನಡೆಯುತ್ತಿತ್ತು.

ಗಿಣಿಗೆ ಹದಿನೈದು ತುಂಬಿದ ವರ್ಷ ಊರಿನ ಮೈದಾನಕ್ಕೆ ಒಂದು ರಾಕ್ ತಂಡ ಬಂತು. ಎದುರಿನ ಸೈಕಲ್ ಅಂಗಡಿಯ ರೇಡಿಯೋದಲ್ಲಿ ಅವರ ಹಾಡು ಕೇಳಿ ಕೇಳಿ ಹುಡುಗಿಗೆ ಹುಚ್ಚೇ ಹಿಡಿದಿತ್ತು. ಹೋಗಲೇಬೇಕು ಎಂದು ಹಟ ಹಿಡಿದಳು. ಅಪ್ಪನಿಲ್ಲದ ಮನೆ, ಒಬ್ಬಳನ್ನೇ ಕಳಿಸುವುದು ಹೇಗೆ? ಅಮ್ಮ ಎರಡು ಬೆರಳು ಜೋಡಿಸಿ ತೋರಿಸಿದಳು: ನಾನೂ ಬರ್ತೀನಿ.

ಮನೆ ಓನರಮ್ಮ ಮೆಟ್ಟಿಲ ಮೇಲೇ ನಕ್ಕಳು. "ಚೆನ್ನಾಗಿದೆ ಕಣಮ್ಮ! ಕಿವಿ ಕೇಳದೋಳು ಹಾಡು ಕೇಳೋಕ್ ಹೊರಟ್ಲು!"

"ನೀವು ಕಿವಿ ಇಟ್ಕೊಂಡು ಏನ್ ಕೇಳಿ ಕಡಿದು ಹಾಕಿದೀರಿ?" ಎಂದಳು ಗಿಣಿ. ಅಮ್ಮನಿಗೆ ಆ ಮಾತೂ ಕೇಳಿಸಲಿಲ್ಲ, ಈ ಮಾತೂ ಕೇಳಿಸಲಿಲ್ಲ. ತಾನೇ ಇಸ್ತ್ರಿ ಹಾಕಿದ ಸೀರೆಯ ನೆರಿಗೆ ಸರಿಮಾಡಿಕೊಂಡು ಮುಂದೆ ನಡೆದಳು.

ಮೈದಾನದಲ್ಲಿ ಜನ ನಿಲ್ಲಲು ಹಲಗೆ ಜೋಡಿಸಿ ಅಟ್ಟಣೆ ಕಟ್ಟಿದ್ದರು. ಸಂಜೆಯ ಬಿಸಿಲು ಇನ್ನೂ ಇತ್ತು. ಗಿಟಾರಿನವನು ತಂತಿ ಮೀಟಿದ. ಮೊದಲ ಸಲ ಆ ಸದ್ದನ್ನು ಎದೆಯಲ್ಲೇ ಕೇಳಿದ ಹುಡುಗಿಗೆ ಮೈ ಝುಮ್ಮೆಂದಿತು. ಡ್ರಮ್ಸಿನವನು ಶುರು ಮಾಡಿದ್ದೇ ತಡ, ಮುಂದೆ ನಿಂತಿದ್ದ ಅಮ್ಮ ತಿರುಗಿ ಗದ್ದ ಎತ್ತಿದಳು. ಏನು? ಏನಿಲ್ಲ ಎಂದು ಗಿಣಿ ತಲೆಯಾಡಿಸಿದಳು. ಅಮ್ಮ ಆ ಕಡೆ ತಿರುಗುವುದರೊಳಗೆ ಧಡ್ ಧಡ್. ಮತ್ತೆ ಈ ಕಡೆ. ಏನೇ ನಿಂದು? ಮತ್ತೆ ಧಡ್ ಧಡ್. ಮಗಳು ಬೇಕೆಂದೇ ಗೋಳು ಹೊಯ್ದುಕೊಳ್ಳುತ್ತಿದ್ದಾಳೆ ಎಂದುಕೊಂಡು, ರಟ್ಟೆ ಹಿಡಿದು ಚೆನ್ನಾಗಿ ಚಿವುಟಿದಳು.

ಗಿಣಿಗೆ ಆಗ ಹೊಳೆಯಿತು. ಅಮ್ಮನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ವೇದಿಕೆ ಕಡೆ ತಿರುಗಿಸಿ, ಡ್ರಮ್ಸಿನವನ ಕಾಲು ತೋರಿಸಿದಳು. ಅವನ ಕಾಲು ದೊಡ್ಡ ಡ್ರಮ್ಮಿನ ಪೆಡಲ್ ಒತ್ತಿದಾಗಲೆಲ್ಲ ಹಲಗೆ ಅದುರುತ್ತಿತ್ತು. ಅಮ್ಮ ಆ ಕಾಲನ್ನೇ ಎವೆಯಿಕ್ಕದೆ ನೋಡಿದಳು. ಆಮೇಲೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತಳು. ಕೊನೆಯ ಹಾಡಿನವರೆಗೂ ಹಾಗೇ ನಿಂತಿದ್ದಳು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅಮ್ಮ ಅತ್ತದ್ದನ್ನು ಗಿಣಿ ನೋಡಿದ್ದು ಅದೇ ಮೊದಲು. ಅವಳಿಗೂ ಅಳು ಬಂತು, ಯಾಕೆಂದು ಗೊತ್ತಾಗಲಿಲ್ಲ.

ದಾರಿಯಲ್ಲಿ ಅಮ್ಮ ದೀಪದ ಕಂಬದ ಕೆಳಗೆ ನಿಂತು ಸನ್ನೆಯಲ್ಲಿ ಕೇಳಿದಳು: "ಪಾಪ, ಅಷ್ಟು ಹೊತ್ತು ಎಲ್ಲರನ್ನೂ ಕರೀತಾನೇ ಇದ್ದ. ಒಬ್ಬರಾದರೂ ಅವನ ಹತ್ರ ಯಾಕೆ ಹೋಗಲಿಲ್ಲ?"

ಈ ಮಾತು ನೆನಪಾದದ್ದು ಬಸ್ ನಿಲ್ದಾಣದ ಗೂಡಿನಲ್ಲಿ, ಮೈಕ್ ಬಾಯಿಗೆ ಹಿಡಿದಿದ್ದಾಗ. ಗಿಣಿ ಅರ್ಧಕ್ಕೇ ನಿಲ್ಲಿಸಿದಳು. ಅಯ್ಯೋ ಮಂಕೇ, ಎಂದು ತನ್ನನ್ನೇ ಬೈದುಕೊಂಡಳು. ಅಮ್ಮನಿಗೆ ಬುದ್ಧಿ ಕೆಟ್ಟಿಲ್ಲ. ಅಮ್ಮನನ್ನು ಕರೆಯುವವರೇ ಇಲ್ಲ! ಹೊಸ ಮನೆಯ ಟೈಲ್ಸ್ ನೆಲವನ್ನು ಹಿಮ್ಮಡಿ ಒಡೆದುಹೋಗುವಂತೆ ತುಳಿದರೂ ಅದು ಮಿಸುಕುವುದಿಲ್ಲ.

ಸಂಜೆ ಬರುವಾಗ ಮರದ ಅಂಗಡಿಯಿಂದ ಹಲಗೆ ಹೇರಿಸಿಕೊಂಡು ಬಂದಳು. ಕೆಳಗೆ ಟೊಳ್ಳು ಉಳಿಯಲೆಂದು ಅಡ್ಡಪಟ್ಟಿ ಇಟ್ಟು, ಬಾಗಿಲಿಂದ ಅಮ್ಮನ ಮಂಚದವರೆಗೆ ಗಂಡ ಹೆಂಡತಿ ಇಬ್ಬರೂ ಹಲಗೆ ಹೊಡೆದರು.

"ಏನೇ ಇದು, ಮನೇಲೇ ಸ್ಟೇಜ್ ಕಟ್ತಿದೀಯಲ್ಲ?"

"ಮೊಳೆ ಹೊಡೀರಿ ಸುಮ್ನೆ."

ಅಮ್ಮ ಕಾಲು ಮಡಚಿ ಗೋಡೆ ಕಡೆ ಮುಖ ಮಾಡಿ ಕೂತಿದ್ದಳು. ಸುತ್ತಿಗೆ ಏಟಿಗೆ ಮಂಚ ಅದುರಿದಾಗ ಒಮ್ಮೆ ತಲೆ ಎತ್ತಿದಳು, ಮತ್ತೆ ತಗ್ಗಿಸಿದಳು. ಕೆಲಸ ಮುಗಿದ ಮೇಲೆ ಗಿಣಿ ಬಾಗಿಲಿಗೆ ಹೋಗಿ ನಿಂತಳು. ಆಗದೇ ಹೋದರೆ? ಆಗದಿದ್ದರೆ ನಾಳೆ ಆರೈಕೆ ಕೇಂದ್ರಕ್ಕೆ ಫೋನ್ ಮಾಡುವುದೆಂದು ಮಾತಾಗಿತ್ತು. ಧಡ್ ಧಡ್ ಎಂದು ತುಳಿದಳು.

ಅಮ್ಮ ಅಲುಗಾಡಲಿಲ್ಲ.

ಇನ್ನೊಮ್ಮೆ ತುಳಿದಳು. ಅಮ್ಮನ ಕೈ ಮಂಚದ ಪಟ್ಟಿಯನ್ನು ತಡವಿತು. ಮಡಚಿದ್ದ ಕಾಲುಗಳು ಮೆಲ್ಲಗೆ ಕೆಳಗಿಳಿದು ಹಲಗೆ ಮುಟ್ಟಿದವು. ಗಿಣಿ ಮತ್ತೆ ತುಳಿದಳು. ಅಮ್ಮ ಗೋಡೆಯಿಂದ ಈ ಕಡೆ ತಿರುಗಿ ಗದ್ದ ಎತ್ತಿದಳು.

ಗಿಣಿ ಓಡಿಹೋಗಿ ತಬ್ಬಿಕೊಳ್ಳಬೇಕು ಎನ್ನುವಷ್ಟರಲ್ಲಿ ಅಮ್ಮ ಅಂಗೈ ಮುಂದೆ ಚಾಚಿ ತಡೆದಳು. ಸನ್ನೆ ಸ್ಪಷ್ಟವಾಗಿತ್ತು: "ಇರು. ಕರೆದೆಯಲ್ಲ, ನಾನೇ ಬರ್ತೀನಿ."

ಮಂಚ ಹಿಡಿದು ಎದ್ದು, ಬರಿಗಾಲಲ್ಲಿ ಹಲಗೆಯನ್ನು ತಡವುತ್ತಾ ಹೊರಟಳು. ನಡುವೆ ನಿಂತಾಗಲೆಲ್ಲ ಗಿಣಿ ಅಳುತ್ತಲೇ ನೆಲ ತುಳಿದಳು, ಅಮ್ಮ ಮತ್ತೆ ಹೆಜ್ಜೆ ಇಟ್ಟಳು. ಹತ್ತಿರ ಬಂದವಳು ಮಗಳ ರಟ್ಟೆ ಹುಡುಕಿ ಹಿಡಿದು, ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದೆ ಎನ್ನುವ ಹಾಗೆ, ಚೆನ್ನಾಗಿ ಚಿವುಟಿದಳು.