ಹೊರಸಿನ ಕಾಲಿಗೆ ಇಟ್ಟಂಗಿ

ಐನಾಪುರದ ಆಚೆ, ಹೊಳೆಯ ದಿಕ್ಕಿಗೆ, ಕಬ್ಬಿನ ನಡುವೆ ನಮ್ಮ ತೋಟದ ಮನೆ. ಅಲ್ಲಿಂದ ಡಾಂಬರು ರಸ್ತೆ ಮುಟ್ಟಲು ಎರೆಮಣ್ಣಿನ ಹಾದಿಯೊಂದೇ ಇತ್ತು. ಬೇಸಿಗೆಯಲ್ಲಿ ಕಲ್ಲು, ಮಳೆಗಾಲದಲ್ಲಿ ನಾದಿದ ಹಿಟ್ಟು. ಕಬ್ಬು ಹೇರಿದ ಟ್ರ್ಯಾಕ್ಟರುಗಳು ಓಡಾಡಿ ಎರಡೂ ಕಡೆ ತಗ್ಗು ಬಿದ್ದು ನಡುವೆ ದಿಬ್ಬ ಎದ್ದಿತ್ತು. ಆ ಮನೆಗೆ ಸೊಸೆಯಾಗಿ ಬಂದ ಮೇಲೆ ನಾನು ಆ ಹಾದಿಯನ್ನು ಬೈದಷ್ಟು ಅತ್ತೆಯನ್ನೂ ಬೈದಿಲ್ಲ.

ಎಂಬತ್ತರ ದಶಕದ ನಡುವೆ ಒಂದು ವರ್ಷ, ಹೋಳಿ ಹುಣ್ಣಿಮೆಯ ಹೊತ್ತಿಗೆ, ನನ್ನ ಗಂಡ ಕಬ್ಬಿನ ಹೇರಿನ ಮೇಲಿಂದ ಬಿದ್ದು ತೊಡೆಯ ಎಲುಬು ಮುರಿದುಕೊಂಡರು. ಮಿರಜಿನ ದವಾಖಾನೆಯಲ್ಲಿ ಒಳಗೆ ಸಲಾಕೆ ಹಾಕಿ ಕಳಿಸಿದರು. ಎಲುಬು ಕೂಡಲಿಲ್ಲ, ಗಾಯ ಕೀವು ಹಿಡಿಯಿತು. ಎಂಟು ದಿನಕ್ಕೊಮ್ಮೆ ಕರೆತಂದು ತೊಳೆಸಬೇಕು, ಎರಡು ಸಲ ತಪ್ಪಿದರೆ ಕಾಲು ತೆಗೆಯಬೇಕಾಗುತ್ತದೆ ಎಂದು ಡಾಕ್ಟರು ನನ್ನ ಮುಖ ನೋಡಿಯೇ ಹೇಳಿದರು. ಮುಚ್ಚಿ ಹೇಳಲಿಲ್ಲ, ಅದು ಒಳ್ಳೆಯದಾಯಿತು.

ಮನೆಯಲ್ಲಿ ಅವರನ್ನು ಎಬ್ಬಿಸುವುದು, ಹೊರಳಿಸುವುದು, ಒರೆಸುವುದು ಎಲ್ಲ ನನ್ನದೇ. ಬಗ್ಗಿ ಬಗ್ಗಿ ನನ್ನ ಸೊಂಟ ಹೋಯಿತು. ಅದಕ್ಕೆ ಅವರು ಮಲಗುವ ಹಗ್ಗದ ಹೊರಸಿನ ನಾಲ್ಕೂ ಕಾಲಿಗೆ ಎರಡೆರಡು ಇಟ್ಟಂಗಿ ಇಟ್ಟೆ. ಆಮೇಲೆ ನಿಂತೇ ಕೆಲಸ ಮಾಡಲು ಬಂತು.

ಮಿರಜಿಗೆ ಒಯ್ಯುತ್ತಿದ್ದ ಕಾರು ಭಾವನವರದು, ನನ್ನ ಗಂಡನ ಅಣ್ಣನದು. ನಿಪ್ಪಾಣಿಯ ತಂಬಾಕಿನ ವ್ಯಾಪಾರಿಯೊಬ್ಬ ಬಳಸಿ ಬಿಟ್ಟಿದ್ದ ಹಳೆಯ ಗಾಡಿ. ಮುಂದಿನ ಎಡಗಡೆಯ ಸೀಟು ಕಿತ್ತು, ಅಲ್ಲಿಂದ ಹಿಂದಿನ ಸೀಟಿನವರೆಗೆ ಹಲಗೆ ಹಾಕಿ, ಹಾಸಿಗೆ ಹಾಸಿ ಅವರನ್ನು ಉದ್ದಕ್ಕೆ ಮಲಗಿಸುತ್ತಿದ್ದೆವು. ಕಾಲು ಮುಂದೆ, ತಲೆ ನನ್ನ ತೊಡೆಯ ಮೇಲೆ. ಭಾವನವರು ಗಾಡಿ ಹೊಡೆಯುತ್ತಿದ್ದರು. ಬೇಸಿಗೆ ಹೇಗೋ ಕಳೆಯಿತು. ಮೊದಲ ದೊಡ್ಡ ಮಳೆಗೆ ಕಾರಿನ ಹೊಟ್ಟೆ ದಿಬ್ಬದ ಮೇಲೆ ಕೂತಿತು, ಗಾಲಿ ಸುಮ್ಮನೆ ತಿರುಗಿದವು. ಎತ್ತು ಕಟ್ಟಿ ಎಳೆಸಿದೆವು.

ಭಾವನವರು ಕಾಗವಾಡದಿಂದ ಮಿಸ್ತ್ರಿಯನ್ನು ಕರೆಸಿದರು. ಗಾಡಿಯನ್ನು ಹೊಲದ ಹಾದಿಗೆ ತಕ್ಕಂತೆ ಮಾಡಿಕೊಡು ಎಂದರು. ಹಿಂದಿನ ಗಾಲಿಗಳ ಮೇಲೆ, ಗಾಡಿಯ ಕುಲುಕು ತಡೆಯಲು, ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳಿರುತ್ತವೆ, ಅವಕ್ಕೆ ಪಾಟಾ ಎನ್ನುತ್ತಾರೆ. ಮಿಸ್ತ್ರಿ ಹಳೆಯ ಲಾರಿಯೊಂದರ ಪಾಟಾಗಳನ್ನು ಕಡಿದು ಪ್ರತಿ ಕಡೆ ಮೂರು ಪಾಟಾ ಹೆಚ್ಚು ಸೇರಿಸಿದ. ಗಾಡಿ ಗೇಣುದ್ದ ಮೇಲೆದ್ದಿತು. ನಾಲ್ಕೂ ಗಾಲಿಗೆ ಜೀಪಿನ ಒತ್ತೊತ್ತಾದ ಹಲ್ಲಿನ ಅಗಲ ಟೈರು ಹಾಕಿದ. ಹಲಗೆಯ ಮೇಲೆ ಎರಡು ಜೋಳದ ಚೀಲ ಹೇರಿ ಭಾವನವರು ರಸ್ತೆಯವರೆಗೆ ಹೋಗಿ ಬಂದರು. ಹೊಟ್ಟೆ ಎಲ್ಲೂ ತಾಗಲಿಲ್ಲ. ಚೀಲ ಇಟ್ಟಲ್ಲೇ ಇದ್ದವು. ಅವರಿಗೆ ಬಹಳ ಸಂತೋಷವಾಯಿತು.

ಮರುದಿನ ನನ್ನ ಗಂಡನನ್ನು ಮಲಗಿಸಿದೆವು. ಗಾಡಿ ಸಿಕ್ಕಿಬೀಳಲಿಲ್ಲ ನಿಜ. ಆದರೆ ಒಂದೊಂದು ತಗ್ಗಿಗೂ ನೆಲ ಎದ್ದು ಬಂದು ಅವರ ಬೆನ್ನಿಗೆ ಗುದ್ದಿದಂತಾಗುತ್ತಿತ್ತು. ಅವರು ಟವೆಲ್ಲು ಕಚ್ಚಿಕೊಂಡರು. ಟವೆಲ್ಲು ಹರಿಯಿತು. ದವಾಖಾನೆಯಲ್ಲಿ ಪಟ್ಟಿ ಬಿಚ್ಚಿದಾಗ ಗಾಯ ಹೊಸದಾಗಿ ಬಿರಿದು ರಕ್ತ ಬಂದಿತ್ತು. ತಿರುಗಿ ಬಂದು ಹೊರಸಿನ ಮೇಲೆ ಹಾಕಿದ ಮೇಲೆ ಅವರು ಒಂದೇ ಮಾತು ಹೇಳಿದರು:

“ಕಾಲ ಬೇಕಾದ್ರ ಕಡೀಲಿ. ಆ ಗಾಡಿ ನಾ ಹತ್ತೂದಿಲ್ಲ.”

ಎಂಟು ದಿನ ಕಳೆದವು. ಹತ್ತಲಿಲ್ಲ. ಅಲ್ಲಿಗೆ ಒಂದು ಸಲ ತಪ್ಪಿತು. ಗಾಯದ ವಾಸನೆ ಪಡಸಾಲೆಯವರೆಗೆ ಬರತೊಡಗಿತು.

ಇಷ್ಟರಲ್ಲಿ ಮಿಸ್ತ್ರಿ ಮತ್ತೆ ಬಂದ. ಟೈರು ಕೆಸರಿನಲ್ಲಿ ಜಾರುತ್ತವೆ ಎಂದು ಭಾವನವರು ಹೇಳಿ ಕಳಿಸಿದ್ದರು. ಇಬ್ಬರೂ ಅಂಗಳದಲ್ಲಿ ಗಾಡಿಯ ಸುತ್ತ ತಿರುಗುತ್ತಿದ್ದರು. ನಾನು ಶೆಗಣಿ ಬುಟ್ಟಿ ಹೊತ್ತು ಗೋಡೆಯ ಬದಿಗೆ ನಿಂತೆ. ನಮ್ಮಲ್ಲಿ ಗಂಡನ ಅಣ್ಣನ ಎದುರು ಸೆರಗು ಇಳಿಸಬಾರದು, ಎದುರು ಮಾತಾಡಬಾರದು. ಹದಿನೆಂಟು ವರ್ಷ ನಾನು ಭಾವನವರೊಡನೆ ಒಂದು ಮಾತೂ ಆಡಿರಲಿಲ್ಲ. ಹೇಳುವುದಿದ್ದರೆ ಅತ್ತೆಗೆ ಹೇಳಬೇಕು, ಅತ್ತೆ ಅವರಿಗೆ ಹೇಳಬೇಕು. ಅತ್ತೆಗೆ ಕಿವಿ ಮಂದ. ಅವರಿಗೆ ಕೇಳಿಸುವಷ್ಟು ಕೂಗಿದರೆ ಪಕ್ಕದ ತೋಟಕ್ಕೂ ಕೇಳಿಸುತ್ತಿತ್ತು. ಆದರೂ ಅತ್ತೆ ಮತ್ತೊಮ್ಮೆ ಹೇಳುವವರೆಗೆ ಭಾವನವರು ಕೇಳದವರಂತೆ ಕಾಯುತ್ತಿದ್ದರು.

“ಜ್ವಾಳದ ಚೀಲಕ್ಕ ಎಲುಬ ಇರೂದಿಲ್ಲ ಅಂತ ಹೇಳ್ರಿ,” ಎಂದು ಬಾಗಿಲಲ್ಲಿದ್ದ ಅತ್ತೆಗೆ ಕೂಗಿದೆ.

ಮಿಸ್ತ್ರಿ ನಕ್ಕ. ಅತ್ತೆ ಅದನ್ನೇ ಮಗನಿಗೆ ಹೇಳಿದರು. ಭಾವನವರು ಗಾಲಿ ನೋಡುತ್ತಲೇ, ಇದು ಕಬ್ಬಿಣದ ಕೆಲಸ, ಮಿಸ್ತ್ರಿಗೆ ತಿಳಿಯುತ್ತದೆ ಎಂದು ತಾಯಿಗೆ ಉತ್ತರ ಕೊಟ್ಟರು.

ನನಗೆ ಸಾಕಾಗಿತ್ತು. ಸಿಟ್ಟು ಬಂದಿರಲಿಲ್ಲ, ಸಾಕಾಗಿತ್ತು ಅಷ್ಟೇ. ಬುಟ್ಟಿ ಇಳಿಸಿ, ಕೈಕಾಲು ತೊಳೆದು, ಸೆರಗನ್ನು ಗದ್ದದವರೆಗೆ ಎಳೆದುಕೊಂಡು ಗಾಡಿ ಹತ್ತಿ ನನ್ನ ಗಂಡ ಮಲಗುವ ಹಲಗೆಯ ಮೇಲೆ ಮಲಗಿದೆ. ಕಾಲು ಭಾವನವರು ಕೂಡುವ ಜಾಗದ ಪಕ್ಕಕ್ಕೇ ಬಂದವು. ಅತ್ತೆ ಬಾಗಿಲಲ್ಲಿ ನಿಂತು, “ಏಳ ಬೇ, ಮಂದಿ ನೋಡ್ಯಾರು,” ಎಂದರು. ನಾನು ಏಳಲಿಲ್ಲ.

“ಹೊಡೀರಿ,” ಎಂದೆ.

ನಾನು ಭಾವನವರಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ಅವರು ಗಾಡಿಗೆ ಒಂದು ಸುತ್ತು ಹಾಕಿದರು. ಆಮೇಲೆ ಬಂದು ಕೂತರು. ಮಿಸ್ತ್ರಿ ಹಿಂದೆ ಹತ್ತಿದ. ಹಾದಿಯ ನಡುವಿನ ಬೇವಿನ ಮರದವರೆಗೆ ಹೋಗಿ ಬಂದೆವು. ಕೂತಾಗ ತಿಳಿಯದಿದ್ದದ್ದು ಮಲಗಿದಾಗ ತಿಳಿಯಿತು. ಹಲ್ಲಿಗೆ ಹಲ್ಲು ಬಡಿದು ನಾಲಿಗೆ ಕಚ್ಚಿಕೊಂಡೆ, ನನಗೆ ಬೇಡವೆಂದರೂ ಬಾಯಿಂದ ನರಳಿಕೆ ಬಂತು. ನನ್ನ ಎಲುಬು ಯಾವುದೂ ಮುರಿದಿರಲಿಲ್ಲ. ಭಾವನವರು ತಿರುಗಿ ಬರುವಾಗ ಗಾಡಿಯನ್ನು ನಡೆದಷ್ಟೇ ನಿಧಾನ ಹೊಡೆದರು.

ಅಂಗಳದಲ್ಲಿ ಇಳಿದು ಮಿಸ್ತ್ರಿಯೊಡನೆ ಮಾತಾಡಿದೆ. ಅವನು ಚಿಕ್ಕವನು, ಅವನೊಡನೆ ಮಾತಾಡಲು ಅಡ್ಡಿ ಇರಲಿಲ್ಲ.

“ತಮ್ಮಾ, ಹೊರಸ ಎತ್ತರ ಮಾಡಬೇಕಂದ್ರ ನಾವು ಕಾಲಿಗೆ ಇಟ್ಟಂಗಿ ಇಡತೀವಿ. ಹಗ್ಗ ಬಿಗೀತೀವೇನು?”

ಅವನು ಗಾಡಿಯ ಕೆಳಗೆ ತೂರಿ ಮಲಗಿದ. ಅಲ್ಲಿಂದಲೇ ಹೇಳಿದ: “ವೈನಿ ಹೇಳೂದು ಖರೆ ಐತ್ರಿ ಸಾವ್ಕಾರ. ನಾ ಹಗ್ಗಾನ ಬಿಗದೇನಿ.”

ಎರಡೂ ಕಡೆ ಸೇರಿಸಿದ ಮೂರು ಮೂರು ಪಾಟಾ ತೆಗೆದ. ಹಳೆಯ ಪಾಟಾಗಳನ್ನು ಮೊದಲಿನಂತೆಯೇ ಮೆತ್ತಗೆ ಬಿಟ್ಟು, ಅವುಗಳ ಮತ್ತು ಗಾಲಿಯ ಅಚ್ಚಿನ ನಡುವೆ ಒಂದೊಂದು ಕಬ್ಬಿಣದ ದಪ್ಪ ತುಂಡು ಇಟ್ಟು ಬಿಗಿದ. ಮುಂದಿನ ಕಡೆಯೂ ಎತ್ತರಿಸಿದ, ಹೇಗೆಂದು ನನಗೆ ತಿಳಿಯದು. ಟೈರಿನ ತಪ್ಪನ್ನು ಅವನೇ ಒಪ್ಪಿಕೊಂಡ. ಒತ್ತೊತ್ತಾದ ಹಲ್ಲಿನ ಸಂದಿನಲ್ಲಿ ಎರೆಮಣ್ಣು ಮೆತ್ತಿಕೊಂಡರೆ ಹಲ್ಲಿದ್ದೂ ಇಲ್ಲದಂತೆ. ಚಿಕ್ಕೋಡಿಯಿಂದ ಬೇರೆ ಟೈರು ತರಿಸಿದ, ಅಗಲ ಕಡಿಮೆ, ಹಲ್ಲು ದೂರ ದೂರ. ಅವು ತಿರುಗುವಾಗ ಮಣ್ಣನ್ನು ಹಿಂದಕ್ಕೆ ಎಸೆಯುತ್ತಿದ್ದವು. ನಮ್ಮ ಟೈರಿನ ಬಂಡಿಯಲ್ಲಿ ಹವಾ ಇಳಿದ ದಿನ ಕೊಡದ ನೀರು ತುಳುಕುವುದಿಲ್ಲ ಎಂಬುದು ನನಗೆ ಗೊತ್ತಿತ್ತು, ಅದನ್ನೂ ಹೇಳಿದೆ. ಹೊಲದ ಹಾದಿಯಲ್ಲಿ ಹವಾ ಸ್ವಲ್ಪ ಬಿಡುವುದು, ರಸ್ತೆ ಮುಟ್ಟಿದ ಮೇಲೆ ಪಂಪಿನಿಂದ ತುಂಬುವುದು ಎಂದಾಯಿತು.

ಎಲ್ಲ ಕೂಡಿಸಿದ ದಿನ ನಾನು ನಾಲ್ಕು ಸಲ ಮಲಗಿ ನೋಡಿದೆ. ಒಮ್ಮೆ ಗಾಡಿ ನಾವೆಯಂತೆ ಅಡ್ಡಡ್ಡ ಓಲಾಡಿತು. ಒಮ್ಮೆ ಹವಾ ತೀರ ಕಡಿಮೆಯಾಗಿ ಗಾಲಿ ಎಳೆಯಿತು. ನಾಲ್ಕನೆಯ ಸಲ ಕಣ್ಣಿಗೆ ಜೊಂಪು ಹತ್ತಿತು. ಸಾಕು ಎಂದೆ.

ಮರುದಿನವೇ ದವಾಖಾನೆಯ ದಿನ. ನನ್ನ ಗಂಡ ಗೋಡೆಗೆ ಮುಖ ಮಾಡಿ ಮಲಗಿದ್ದರು.

“ನಾ ಮಲಗಿ ನೋಡೇನಿ,” ಎಂದೆ.

“ಎಲ್ಲಿ?”

“ನಿಮ್ಮ ಜಾಗಾದಾಗ.”

“ಅಣ್ಣ ಗಾಡಿ ಹೊಡದ್ನ?”

ಹೂಂ ಎಂದೆ. ಅವರ ಬೆನ್ನು ಅಲುಗಿತು. ಅಳುತ್ತಿದ್ದಾರೆ ಎಂದುಕೊಂಡೆ, ನಗುತ್ತಿದ್ದರು. ಹೋಳಿಯ ನಂತರ ಅವರು ನಕ್ಕಿದ್ದು ಅದೇ ಮೊದಲು. ಆಮೇಲೆ ತೋಳು ಚಾಚಿದರು, ಎತ್ತಿದೆವು. ಹಾದಿಯಲ್ಲಿ ಎರಡು ಸಲ ಅಯ್ಯೋ ಅಂದರು. ಟವೆಲ್ಲು ಕಚ್ಚಲಿಲ್ಲ.

ಮಳೆಗಾಲವೆಲ್ಲ ಹೀಗೆ ಹೋದೆವು. ರಸ್ತೆ ಮುಟ್ಟಿದ ಕೂಡಲೇ ಭಾವನವರು ಇಳಿದು, ಧೋತರ ಎತ್ತಿ ಕಟ್ಟಿ, ಏದುಸಿರು ಬಿಡುತ್ತ ನಾಲ್ಕೂ ಗಾಲಿಗೆ ಹವಾ ಹೊಡೆಯುತ್ತಿದ್ದರು. ಆ ಹಲಗೆಯ ಮಾತನ್ನು ಅವರು ಎಂದೂ ಎತ್ತಲಿಲ್ಲ, ನಾನೂ ಮತ್ತೆ ಅವರೊಡನೆ ನೇರ ಮಾತಾಡಲಿಲ್ಲ. ಆದರೆ ಮನೆಯಿಂದ ಹೊರಡುವ ಮುಂಚೆ ಪ್ರತಿ ಸಲ ಬಾಗಿಲಿಗೆ ಬಂದು ತಾಯಿಗೆ ಹೇಳುತ್ತಿದ್ದರು: “ಹವಾ ಎಷ್ಟ ಇರಲಿ, ಕೇಳವ್ವ.” ಅತ್ತೆ ನನ್ನನ್ನು ಕೇಳುತ್ತಿದ್ದರು. ನಾನು ಕೂಗುತ್ತಿದ್ದೆ.

ದೀಪಾವಳಿಯ ಹೊತ್ತಿಗೆ ಕೀವು ನಿಂತಿತು. ಕಾಲು ಉಳಿಯಿತು, ಎರಡು ಬೆರಳಿನ ಅಗಲದಷ್ಟು ಗಿಡ್ಡವಾಗಿ. ಹಲಗೆ ತೆಗೆದು ಸೀಟು ಮತ್ತೆ ಕೂಡಿಸಿದರು. ಕೊನೆಯ ಸಲ ತೋರಿಸಲು ಹೋಗುವಾಗ ಅವರು ಕೋಲು ಊರಿಕೊಂಡು ಬಂದು ಮುಂದೆ ಅಣ್ಣನ ಪಕ್ಕಕ್ಕೆ ಕೂತರು. ಅಣ್ಣತಮ್ಮಂದಿರು ಕಬ್ಬಿನ ಮಾತು ತೆಗೆದರು. ಹಿಂದಿನ ಸೀಟಿನಲ್ಲಿ ನಾನೊಬ್ಬಳೇ. ತೊಡೆಯ ಮೇಲೆ ತಲೆ ಇರಲಿಲ್ಲ, ಹಿಡಿದುಕೊಳ್ಳಲು ಏನೂ ಇರಲಿಲ್ಲ. ಬೇವಿನ ಮರ ದಾಟುವುದರೊಳಗೆ ಕಾಲು ಮಡಚಿ ಅಡ್ಡಾಗಿ ಸೆರಗು ಮುಖದ ಮೇಲೆ ಎಳೆದುಕೊಂಡೆ. ಹವಾ ತುಂಬಲು ಎಲ್ಲಿ ನಿಲ್ಲಿಸಿದರೋ ತಿಳಿಯದು. ದವಾಖಾನೆಯ ಬಾಗಿಲಲ್ಲಿ ನನ್ನ ಗಂಡ ಕೋಲಿನಿಂದ ತಿವಿದು ಎಬ್ಬಿಸಿದರು.