ಗುಡಿಸದೇ ಇರುವ ಕೆಲಸ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಉದ್ಯಾನದ ಹಿಂಬದಿಯ ಮೂಲೆಯಲ್ಲಿ, ತಂತಿಬೇಲಿಯ ಆಚೆ, ಒಬ್ಬ ಹೆಂಗಸು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಾರೆ. ಮೇಲಿನಿಂದ ಒಂದು ಒಣ ಎಲೆ ಉದುರುತ್ತದೆ. ಅವರು ಅದನ್ನೇ ನೋಡುತ್ತಾರೆ. ಇನ್ನೊಂದು ಉದುರುತ್ತದೆ. ಬಲಗೈ ಮೆಲ್ಲಗೆ ಮುಂದಕ್ಕೆ ಬರುತ್ತದೆ, ಎಡಗೈ ಅದನ್ನು ಹಿಡಿದು ಮತ್ತೆ ಹಿಂದಕ್ಕೆ ಎಳೆದುಕೊಳ್ಳುತ್ತದೆ. ದೂರದಿಂದ ನೋಡಿದವರು ಯಾವುದೋ ಹೊಸ ವ್ಯಾಯಾಮ ಎಂದುಕೊಳ್ಳಬೇಕು. ಆದರೆ ಅವರು ಡ್ಯೂಟಿಯಲ್ಲಿದ್ದಾರೆ.

"ಕೈ ತುರಿಸುತ್ತೆ ಸಾರ್," ಎನ್ನುತ್ತಾರೆ ಅವರು, ಪತ್ರಿಕೆಗೆ ಬರೆಯಲು ಬಂದಿರುವ ನನ್ನತ್ತ ತಿರುಗಿ. "ಎಲೆ ಬೀಳೋದು ನೋಡ್ಕೊಂಡು ಸುಮ್ನೆ ನಿಂತಿರೋದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತಿಲ್ಲ."

ಊರಂಚಿನ ಈ ಬಡಾವಣೆಯಲ್ಲಿ ಇವರನ್ನು ಎಲ್ಲರೂ ಪೊರಕೆ ಅಕ್ಕ ಎಂದೇ ಕರೆಯುತ್ತಾರೆ. ಉದ್ಯಾನದ ಮುಂಭಾಗದಲ್ಲಿ ಹುಲ್ಲುಹಾಸು, ಜಾರುಬಂಡೆ, ಕಬ್ಬಿಣದ ಬೆಂಚು ಎಲ್ಲ ಇವೆ. ಹಿಂಭಾಗದಲ್ಲಿ ಬೇಲಿ ಹಾಕಿದ ಒಂದು ಪುಟ್ಟ ಕಾಡು. ಒಂದಿಷ್ಟು ಮರ, ಪೊದೆ, ಸ್ನಾನದ ತೊಟ್ಟಿಯಷ್ಟು ದೊಡ್ಡ ಹೊಂಡ, ಬಿದ್ದು ಕೊಳೆಯುತ್ತಿರುವ ಒಂದು ದಿಮ್ಮಿ. ಬಾಗಿಲಲ್ಲಿ 'ಕಿರು ವನ್ಯಧಾಮ' ಎಂಬ ಫಲಕ. ಅದನ್ನು ಓದಿ ಒಳಗೆ ಬಂದವರು ಉಸಿರು ಬಿಡುವುದರೊಳಗೆ ಆಚೆ ಬೇಲಿಗೆ ಮುಖ ಕೊಟ್ಟು ನಿಂತಿರುತ್ತಾರೆ. ಹುಲಿ ಎಲ್ಲಿ ಎಂದು ಮಕ್ಕಳು ಕೇಳುತ್ತಾರೆ. ರಜೆ ಮೇಲೆ ಹೋಗಿದೆ ಎಂದು ಅಕ್ಕ ಹೇಳುತ್ತಾರೆ.

ಈ ಕಾಡನ್ನು ಕಾಯುವುದು ಅವರ ಕೆಲಸ. ಬಾಗಿಲು ತೆಗೆಯಬೇಕು, ಹೊಂಡಕ್ಕೆ ನೀರು ಬಿಡಬೇಕು, ಬಂದವರು ಎಸೆದ ಪ್ಲಾಸ್ಟಿಕ್ ಹೆಕ್ಕಬೇಕು. ಉಳಿದದ್ದನ್ನು, ಅಂದರೆ ಎಲೆ, ಕಡ್ಡಿ, ಕೊಂಬೆ, ಕೊಳೆತ ಹಣ್ಣು ಇವನ್ನೆಲ್ಲ, ಇದ್ದಲ್ಲೇ ಇರಲು ಬಿಡಬೇಕು. ಇಡೀ ಇಲಾಖೆಯಲ್ಲಿ ಈ ಕೆಲಸಕ್ಕೆ ಇವರಷ್ಟು ಒಗ್ಗದ ಮನುಷ್ಯರು ಇನ್ನೊಬ್ಬರಿಲ್ಲ.

ಅಕ್ಕನ ತಾಯಿ ರೈಲು ನಿಲ್ದಾಣ ಗುಡಿಸುತ್ತಿದ್ದವರು. ಅಕ್ಕ ನಡೆಯಲು ಕಲಿತದ್ದೇ ಪೊರಕೆಯ ಹಿಡಿ ಹಿಡಿದುಕೊಂಡು. ಮುಂದೆ ಸಿನಿಮಾ ಮಂದಿರದಲ್ಲಿ ಎರಡು ಆಟಗಳ ನಡುವಿನ ಬಿಡುವಿನಲ್ಲಿ ಇಡೀ ಹಾಲ್ ಗುಡಿಸಿದರು. ಆಮೇಲೆ ಆಸ್ಪತ್ರೆಯ ಉದ್ದನೆಯ ಪಡಸಾಲೆಗಳನ್ನು ಗುಡಿಸಿದರು. ಪಡಸಾಲೆ ಗುಡಿಸುತ್ತ ಮೊಣಕಾಲು ಸವೆದಾಗ, ಪಾಪ, ಸ್ವಲ್ಪ ಆರಾಮಾಗಿರಲಿ ಎಂದು ಯಾರೋ ಪುಣ್ಯಾತ್ಮರು ಇಲ್ಲಿಗೆ ಹಾಕಿಸಿದರು. ಅಕ್ಕನ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಊಟ ಮುಗಿಯುವ ಮೊದಲೇ ತಟ್ಟೆ ಮಾಯವಾಗುತ್ತದೆ ಎಂಬುದು ಅವರ ಹಳೆಯ ದೂರು. "ಅಮ್ಮನ ಕೈಗೆ ಸಿಕ್ರೆ ನೆರಳನ್ನೂ ಗುಡಿಸಿಬಿಡ್ತಾಳೆ," ಎನ್ನುತ್ತಾಳೆ ಮಗಳು.

ಇಂಥವರು ಮಾಡಬಹುದಾದ ತಪ್ಪನ್ನೇ ಅಕ್ಕ ಮಾಡಿದರು. ಉದ್ಯಾನದ ನಡಿಗೆ ಸಂಘಕ್ಕೆ ಬಹಳ ದಿನದಿಂದ ಈ ಮೂಲೆಯ ಮೇಲೆ ಕಣ್ಣು. ನಡೆಯಲು ಬರುವವರೆಲ್ಲ ಕಾರಿನಲ್ಲಿ ಬರುವುದರಿಂದ ಕಾರು ನಿಲ್ಲಿಸಲು ಜಾಗ ಸಾಲುವುದಿಲ್ಲ. ಈ ಕಾಡಿನಲ್ಲಿ ಕಸ ಬಿಟ್ಟರೆ ಬೇರೇನೂ ಇಲ್ಲ, ಇದನ್ನು ಸಮ ಮಾಡಿಕೊಡಿ ಎಂದು ಸಂಘದ ಅಧ್ಯಕ್ಷರು ಮನವಿ ಕೊಟ್ಟರು. ಪರಿಶೀಲನೆಗೆ ಅಧಿಕಾರಿ ಬರುತ್ತಾರೆಂಬ ಸುದ್ದಿ ಅಕ್ಕನ ಕಿವಿಗೆ ಬಿತ್ತು. ದೊಡ್ಡವರು ಬರುವಾಗ ಹೀಗಾ ಇರುವುದು?

ಹಿಂದಿನ ದಿನ ಮಧ್ಯಾಹ್ನ ಅಕ್ಕ ಕಾಡನ್ನು ಗುಡಿಸಿದರು. ಎಲೆಯೆಲ್ಲ ಹೊರಗೆ ಹೋಯಿತು. ಮಾಲಿಯ ತಳ್ಳುಗಾಡಿಯಲ್ಲಿ ಕೊಳೆತ ದಿಮ್ಮಿಯೂ ಹೊರಗೆ ಹೋಯಿತು. ಹೊಂಡದ ಪಾಚಿ ತೆಗೆದು ಬ್ರಷ್ ಹಾಕಿ ಉಜ್ಜಿದರು. ಸಾಲದ್ದಕ್ಕೆ, ಕೈಗೆಟುಕುವ ಪೊದೆಗಳ ಎಲೆಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರು. ಬೆಳಿಗ್ಗೆ ಅಧಿಕಾರಿ ಮೇಡಂ ಬಂದಾಗ ಕಾಡು ಆಸ್ಪತ್ರೆಯ ಪಡಸಾಲೆಯಂತೆ ಫಳಫಳ ಹೊಳೆಯುತ್ತಿತ್ತು. ಒಂದು ಕಾಗೆ ಬಂತು, ಅತ್ತಿತ್ತ ನೋಡಿತು, ಹೊರಟುಹೋಯಿತು. ಬೇರೊಂದು ಜೀವಿಯೂ ಕಾಣದ್ದಕ್ಕೆ ಜೊತೆಗಿದ್ದ ಅಧ್ಯಕ್ಷರು ಅಡಿಯಿಂದ ಮುಡಿಯವರೆಗೆ ಹಿಗ್ಗಿದರು.

"ಅಕ್ಕ, ನೀವು ಗುಡಿಸಿದ್ದು ಕಸ ಅಲ್ಲ, ಇಲ್ಲಿನ ಜೀವಿಗಳ ಮನೆ," ಎಂದರಂತೆ ಮೇಡಂ. ಮಳೆಗಾಲ ಮುಗಿಯಲಿ, ಇನ್ನೊಮ್ಮೆ ಬಂದು ನೋಡಿ ತೀರ್ಮಾನ ಮಾಡುತ್ತೇನೆ, ಅಲ್ಲಿಯವರೆಗೆ ಪೊರಕೆ ಮುಟ್ಟಬೇಡಿ ಎಂದು ಹೇಳಿ ಹೋದರು.

ಅವತ್ತು ರಾತ್ರಿ ಅಕ್ಕನಿಗೆ ಅನ್ನ ಸೇರಲಿಲ್ಲ. ಮರುದಿನ ದಿಮ್ಮಿಯನ್ನು ವಾಪಸ್ ತಂದರು. ಎಲೆಗಳನ್ನು ಗಾಡಿಗಟ್ಟಲೆ ತಂದು ಕೈಯಾರೆ ಹರಡಿದರು, ಅದೂ ಹಾಸಿಗೆಗೆ ಚಾದರ ಹಾಸಿದ ಹಾಗೆ, ಸುಕ್ಕಿಲ್ಲದೆ. ಹಾಗಲ್ಲ, ಒರಟಾಗಿ ಎಸೆಯಬೇಕು ಎಂದು ಮಾಲಿ ಹೇಳಿಕೊಡಬೇಕಾಯಿತು. ಮಳೆಗಾಲವಿಡೀ ಅಕ್ಕ ಕೈ ಕಟ್ಟಿಕೊಂಡು ನಿಂತರು. ಇಲ್ಲಿ ತಡೆದುಕೊಂಡದ್ದನ್ನೆಲ್ಲ ಮನೆಯಲ್ಲಿ ತೀರಿಸಿಕೊಂಡರಂತೆ. ಗಂಡ ಕಾಲು ಮೇಲೆತ್ತಿಕೊಂಡೇ ಟೀವಿ ನೋಡುವುದನ್ನು ಅಭ್ಯಾಸ ಮಾಡಿಕೊಂಡರು.

"ಇದು ಹೋದ್ರೆ ನನಗೇನು ಸಾರ್, ಗುಡಿಸೋಕೆ ಬೇರೆ ಜಾಗ ಕೊಡ್ತಾರೆ," ಎನ್ನುತ್ತಾರೆ ಅಕ್ಕ. "ಆದ್ರೆ ಒಳಗಿರೋರು ಎಲ್ಲಿಗೆ ಹೋಗ್ತಾರೆ? ಒಂದ್ಸಲ ನಾನೇ ಅವರನ್ನ ಬೀದಿಗೆ ಹಾಕಿದ್ದೀನಿ." ಇಷ್ಟು ಹೇಳಿ ಅವರು ಹೊಂಡಕ್ಕೆ ನೀರು ಬಿಡಲು ಹೋಗುತ್ತಾರೆ.

ನಾನು ಬಂದಿರುವ ಈ ದಿನವೇ ಮೇಡಂ ಎರಡನೇ ಸಲ ಬರುತ್ತಿದ್ದಾರೆ. ಬಿಸಿಲು ಏರುವ ಹೊತ್ತಿಗೆ ಜೀಪು ಬಂದು ನಿಲ್ಲುತ್ತದೆ. ಬಿಳಿ ಕ್ಯಾನ್ವಾಸ್ ಶೂ ತೊಟ್ಟ ಅಧ್ಯಕ್ಷರು ಅವರಿಗಿಂತ ಮೊದಲೇ ಹಾಜರಿದ್ದಾರೆ, ಹಿಂದೆ ಸಂಘದ ಅರ್ಧ ಪಡೆ. ಎಲ್ಲರೂ ಒಟ್ಟಿಗೆ ಒಳಗೆ ನುಗ್ಗಿದರೆ ಯಾವ ಪ್ರಾಣಿ ತಾನೇ ಎದುರು ಬಂದು ನಿಲ್ಲುತ್ತದೆ? ತರಗೆಲೆ ಚರಚರ ಎನ್ನುತ್ತದೆ, ಅಷ್ಟೇ. ಇಷ್ಟೂ ದಿನ ಕಾಣುತ್ತಿದ್ದ ಅಳಿಲುಗಳೂ ಇವತ್ತು ಹುಲಿಯ ಜೊತೆ ರಜೆಗೆ ಹೋದಂತಿವೆ. ಅಕ್ಕನ ಮುಖ ಸಪ್ಪಗಾಗುತ್ತದೆ.

ಅಧ್ಯಕ್ಷರು ಫೋನ್ ತೆಗೆಯುತ್ತಾರೆ. ಮಳೆಗಾಲವಿಡೀ ಅವರು ಪ್ರತಿದಿನ ಬೆಳಿಗ್ಗೆ ಇಲ್ಲಿಗೆ ಬಂದು, ಒಂದೇ ಜಾಗದಲ್ಲಿ ನಿಂತು, ಒಂದೊಂದು ಫೋಟೋ ತೆಗೆದಿದ್ದಾರೆ. ಇಲ್ಲಿ ಏನೂ ಇಲ್ಲ ಎಂಬುದಕ್ಕೆ ಅದು ಸಾಕ್ಷಿ. ಒಂದೊಂದನ್ನೇ ಸರಿಸುತ್ತ, ಇದು ಕಸ, ಇದೂ ಕಸ, ಇದು ಒದ್ದೆ ಕಸ ಎಂದು ವಿವರಿಸುತ್ತಾರೆ.

ಮೇಡಂ ಕನ್ನಡಕ ಹಾಕಿಕೊಂಡು ಫೋನನ್ನು ತಮ್ಮ ಕೈಗೆ ತೆಗೆದುಕೊಳ್ಳುತ್ತಾರೆ. ಎರಡು ಬೆರಳಿಟ್ಟು ಚಿತ್ರವನ್ನು ದೊಡ್ಡದು ಮಾಡುತ್ತಾರೆ. ದಿಮ್ಮಿಯ ಕೆಳಗಿನಿಂದ ಮುಂಗುಸಿಯೊಂದು ಕತ್ತು ಚಾಚಿ ಅಧ್ಯಕ್ಷರನ್ನೇ ನೋಡುತ್ತಿದೆ. ಇನ್ನೊಂದರಲ್ಲಿ ಹೊಂಡದ ಅಂಚಿಗೆ ನೀಲಿ ಮಿಂಚುಳ್ಳಿ ಕುಳಿತಿದೆ. ಮತ್ತೊಂದರಲ್ಲಿ ಕೊಂಬೆಯಿಂದ ಹಾವಿನ ಪೊರೆ ಇಳಿಬಿದ್ದಿದೆ. ಓದುವ ಕನ್ನಡಕವನ್ನು ಮನೆಯಲ್ಲೇ ಬಿಟ್ಟು ಬರುವ ಅಧ್ಯಕ್ಷರು ಇವು ಯಾವುದನ್ನೂ ನೋಡಿಲ್ಲ. ಕೊನೆಯ ಫೋಟೋದ ಕೆಳಗಿನ ಮೂಲೆಯಲ್ಲಿ ಒಂದು ಬಿಳಿ ಶೂ. ಅದರ ಮೇಲೆ ಸಿಂಹಾಸನವೇರಿದ ಗತ್ತಿನಲ್ಲಿ ದಪ್ಪನೆಯ ಕಪ್ಪೆ.

"ಈ ಶೂ ಯಾರದ್ದು?" ಮೇಡಂ ಕೇಳುತ್ತಾರೆ.

ಅಧ್ಯಕ್ಷರು ಫೋನ್ ನೋಡುತ್ತಾರೆ. ಆಮೇಲೆ ತಮ್ಮ ಕಾಲು ನೋಡಿಕೊಳ್ಳುತ್ತಾರೆ. "ನಮ್ಮದೇ."

ಸಂಘದವರು ಕೆಮ್ಮಲು ಶುರುಮಾಡುತ್ತಾರೆ. ಕಾಡು ಇದ್ದ ಹಾಗೆಯೇ ಇರುತ್ತದೆ, ಕಾರುಗಳಿಗೆ ಬೇರೆ ದಾರಿ ನೋಡಿಕೊಳ್ಳಿ ಎಂದು ಮೇಡಂ ಅಲ್ಲೇ ಹೇಳಿಬಿಡುತ್ತಾರೆ. ಜೀಪಿನ ಕಡೆಗೆ ನಡೆಯುವಷ್ಟರಲ್ಲಿ ಅಧ್ಯಕ್ಷರು ಚೇತರಿಸಿಕೊಂಡಿದ್ದಾರೆ. ಇಷ್ಟೊಂದು ಜೀವಿಗಳ ಫೋಟೋ ಹಿಡಿಯಲು ಎಷ್ಟು ತಾಳ್ಮೆ ಬೇಕು ಎಂದು ಅವರು ಜೊತೆಯವರಿಗೆ ತಿಳಿಸಿ ಹೇಳುತ್ತಿರುವುದು ನನ್ನ ಕಿವಿಗೂ ಬೀಳುತ್ತದೆ.

ಅಕ್ಕ ದಿಮ್ಮಿಯ ಮೇಲೆ ಕುಸಿದು ಕುಳಿತು ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ನಿಮಗೇನಾದರೂ ಬೇಕಾ ಎಂದು ಮೇಡಂ ಅವರನ್ನು ಕೇಳುತ್ತಾರೆ. ರೇನ್‌ಕೋಟೋ ಬೂಟೋ ಕೇಳುತ್ತಾರೆಂದು ನಾನು ಅಂದುಕೊಂಡರೆ, ಅಕ್ಕ ಬೇಲಿಗೆ ಅಂಟಿಕೊಂಡಿರುವ, ಪೊರಕೆ ಇಡುವ ಸಾಮಾನಿನ ಕೋಣೆಯ ಬಾಗಿಲತ್ತ ಬೆರಳು ತೋರಿಸುತ್ತಾರೆ.

"ಆ ಬಾಗಿಲ ಮುಂದೆ, ಒಂದು ಚಾಪೆ ಹಾಸೋವಷ್ಟು ಜಾಗ. ಅಷ್ಟು ಮಾತ್ರ ದಿನಾ ಗುಡಿಸ್ಕೊಳ್ಳಲಾ ಮೇಡಂ?"

ಮೇಡಂ ನಗುತ್ತ ಒಪ್ಪುತ್ತಾರೆ. ಜೀಪು ತಿರುವು ದಾಟುವ ಮುಂಚೆಯೇ ಪೊರಕೆ ಹೊರಗೆ ಬಂದಿದೆ. ಅಕ್ಕ ಆ ಚಾಪೆಯಷ್ಟು ನೆಲವನ್ನು ಮೂಲೆಮೂಲೆ ಬಿಡದೆ ಗುಡಿಸುತ್ತಾರೆ, ಹಿಂದೆ ಸರಿದು ನೋಡುತ್ತಾರೆ, ಮತ್ತೊಮ್ಮೆ ಗುಡಿಸುತ್ತಾರೆ. ಅಷ್ಟರಲ್ಲಿ ಪೊದೆಯಿಂದ ಕಪ್ಪೆಯೊಂದು ಕುಪ್ಪಳಿಸಿ ಬಂದು ಸರಿಯಾಗಿ ಅದರ ನಡುಮಧ್ಯೆ ಕೂರುತ್ತದೆ. ಅಕ್ಕ ಪೊರಕೆಯನ್ನು ಗೋಡೆಗೆ ಒರಗಿಸುತ್ತಾರೆ. ಕೈಗಳು ತಾವಾಗಿಯೇ ಬೆನ್ನ ಹಿಂದೆ ಹೋಗುತ್ತವೆ.

"ಪೇಪರ್‌ನಲ್ಲಿ ಹಾಕುವಾಗ ಕಾಡಿನ ಫೋಟೋನೇ ಹಾಕಿ ಸಾರ್," ಎನ್ನುತ್ತಾರೆ ನನಗೆ. "ಎಷ್ಟು ಚೆನ್ನಾಗಿ ಗಲೀಜು ಇಟ್ಕೊಂಡಿದ್ದೀನಿ ಅಂತ ನಾಲ್ಕು ಜನ ನೋಡಲಿ."