ಉಡಿದಾರ ಎತ್ತಿ ಹಿಡಿದ ದಿನ

ಕುಬಿಹಾಳದ ಜನ ದುರ್ಗವ್ವನಿಗೆ ‘ಕಾಂಟಾದ ಅಕ್ಕೋರು’ ಎಂದು ಹೆಸರಿಟ್ಟದ್ದು ಪ್ರೀತಿಯಿಂದಲ್ಲ. ಹತ್ತಿಯ ಅಂಡಿಗೆ ತೂಗಿದ ಹಾಗೆ ಹಾಲುಗೂಸುಗಳನ್ನು ಕೊಕ್ಕೆಗೆ ಸಿಕ್ಕಿಸಿ ತೂಗುವ ಹೆಂಗಸಿಗೆ ಇನ್ನೇನು ಅನ್ನಬೇಕು? ೧೯೮೫ರಲ್ಲಿ ಅವರ ಓಣಿಗೆ ಅಂಗನವಾಡಿ ಬಂತು. ಏಳನೆಯ ಇಯತ್ತೆ ಪಾಸಾದ ಸೊಸೆ ಆ ಓಣಿಯಲ್ಲಿ ಇವಳೊಬ್ಬಳೇ ಇದ್ದಳು, ಹಾಗಾಗಿ ಕೆಲಸ ಇವಳ ಕೊರಳಿಗೆ ಬಿತ್ತು. ಕೆಲಸದ ಜೊತೆಗೆ ಗಡಿಯಾರದಂಥ ಮುಖದ ಒಂದು ತೂಗುವ ಕಾಂಟಾ, ಕೂಸನ್ನು ಕೂಡಿಸಲು ಚಡ್ಡಿಯಂಥ ಒಂದು ಬಟ್ಟೆಯ ಜೋಲಿ, ಗೆರೆ ಎಳೆದ ಒಂದು ಕಟ್ಟು ಕಾರ್ಡು ಬಂದವು. ತಿಂಗಳಿಗೊಮ್ಮೆ ತೂಗಿ ಕಾರ್ಡಿನ ಮೇಲೆ ಚುಕ್ಕೆ ಇಡಬೇಕು. ಚುಕ್ಕೆ ಮೇಲೇರಿದರೆ ಕೂಸು ಕ್ಷೇಮ, ಇಳಿದರೆ ಅಪಾಯ. ತಾಯಿಯ ಕಣ್ಣಿಗೆ ಬೀಳುವ ಮೊದಲೇ ಮುಳ್ಳು ಹೇಳಿಬಿಡುತ್ತದೆ ಎಂದು ತರಬೇತಿಯಲ್ಲಿ ಕಲಿಸಿದ್ದರು. ದುರ್ಗವ್ವ ಅದನ್ನು ಪೂರಾ ನಂಬಿದಳು. ಅರ್ಧಂಬರ್ಧ ನಂಬುವುದು ಅವಳ ಜಾಯಮಾನದಲ್ಲೇ ಇರಲಿಲ್ಲ.

ಕುರಿ ಕಾಯುವವರ ಮನೆಯ ಮಗಳು. ಗಟ್ಟಿ ದನಿ, ಗಟ್ಟಿ ನಡಿಗೆ. ಗಂಡ ಹುಬ್ಬಳ್ಳಿಯ ಗಿರಣಿಯಲ್ಲಿ ಕೆಲಸ ಮಾಡಿ ಐತವಾರಕ್ಕೊಮ್ಮೆ ಬರುತ್ತಿದ್ದ. ಬಂದವನು ಹೆಂಡತಿಯ ಕಾರ್ಡುಗಳ ಪುರಾಣ ಕೇಳಿ ಕೇಳಿ ಸೋಮವಾರ ಮುಂಜಾನೆ ಮೊದಲ ಬಸ್ಸು ಹಿಡಿಯುತ್ತಿದ್ದ. ಕೂಸು ತರದ ತಾಯಂದಿರ ಮನೆಗೆ ಇವಳೇ ಕಾಂಟಾ ಹೊತ್ತುಕೊಂಡು ಹೋಗುತ್ತಿದ್ದಳು. ಬೈಸಿಕೊಳ್ಳುತ್ತಿದ್ದಳು, ತಿರುಗಿ ಬೈಯುತ್ತಿದ್ದಳು, ತೂಗದೆ ಮಾತ್ರ ಬರುತ್ತಿರಲಿಲ್ಲ.

ಇಂಥವಳಿಗೂ ಸೇರಿಗೆ ಸವ್ವಾಸೇರು ಆಗಿದ್ದವಳು ಫಕೀರವ್ವ. ಆಕೆಯ ಸೊಸೆ ಸಣ್ಣವ್ವನಿಗೆ ಎರಡು ಕೂಸು ವರ್ಷ ತುಂಬುವ ಮೊದಲೇ ತೀರಿಕೊಂಡಿದ್ದವು. ಮೂರನೆಯದು ಗಂಡಾಯಿತು. ಹುಟ್ಟಿದ ಐದನೆಯ ದಿನ ಮುದುಕಿ ಅದನ್ನು ತಿಪ್ಪೆಯ ಮೇಲೆ ಹೊರಳಿಸಿ, ನೆರೆಮನೆಯವರಿಗೆ ಒಂದು ಮೊರ ತೌಡಿಗೆ ಮಾರಿ, ತಿಪ್ಪಣ್ಣ ಎಂದು ಹೆಸರಿಟ್ಟಳು. ಯಾರಿಗೂ ಬೇಡಾದ ಕೂಸು ಎಂದುಕೊಂಡು ಸಾವು ಮುಂದಿನ ಮನೆಗೆ ಹೋಗಲಿ ಎಂಬ ಹಂಚಿಕೆ. ಅಷ್ಟಕ್ಕೇ ಬಿಡಲಿಲ್ಲ. ಪ್ರತಿ ಅಮಾಸೆಗೆ ಒಂದೊಂದು ಮನೆಯಿಂದ ಏನಾದರೊಂದು ಲೋಹದ ತುಂಡು ಬೇಡಿ ತಂದು ಕೂಸಿನ ಉಡಿದಾರಕ್ಕೆ ಪೋಣಿಸುತ್ತ ಹೋದಳು. ಲೋಹಕ್ಕೆ ಹೆದರಿ ಪೀಡೆ ದೂರ ನಿಲ್ಲುತ್ತದಂತೆ. ಸೊಂಟಕ್ಕೆ ಕಟ್ಟಿದ ಉಡಿದಾರವನ್ನು ಬಿಚ್ಚುವಂತಿಲ್ಲ. ಜೀವ ಹೋದ ಮೇಲೆ ಹರಿಯುವುದು ಅದು.

ತೂಗಲು ಮುದುಕಿ ಒಪ್ಪಿದ್ದೇ ಎಷ್ಟೋ ಜಗಳದ ಮೇಲೆ, ಕೂಸಿಗೆ ಒಂಬತ್ತು ತಿಂಗಳು ತುಂಬಿದ ಮೇಲೆ, ಅದೂ ಒಂದು ಷರತ್ತಿನ ಮೇಲೆ.

“ಅಂಗಿ ಬಿಚ್ಚಾಂಗಿಲ್ಲ, ಕುಂಚಿಗಿ ತೆಗಿಯಾಂಗಿಲ್ಲ. ನಾಕ್ ಮಂದಿ ಕಣ್ಣಿನ್ಯಾಗ ನನ್ನ ಕೂಸಿನ ಬರಿಮೈ ಬೀಳಬಾರ್ದು,” ಎಂದಳು.

“ಆತ್ ಬಿಡ ಆಯಿ, ಅರಬಿಗೆ ಅಂತ ಪಾವಕಿಲೋ ಕಳೀತೀನಿ,” ಎಂದು ದುರ್ಗವ್ವ ರಾಜಿಯಾದಳು. ತೂಗದೇ ಇರುವುದಕ್ಕಿಂತ ಅರಿವೆಯೊಂದಿಗೆ ತೂಗುವುದು ವಾಸಿ ಎಂಬುದು ಅವಳ ಲೆಕ್ಕ.

ತಿಪ್ಪಣ್ಣನ ಚುಕ್ಕೆಗಳು ಮೊದಲಿನಿಂದಲೂ ಕಾರ್ಡಿನ ಕೆಳಗಿನ ಗೆರೆಗಳಲ್ಲೇ ಇದ್ದವು, ನಿಜ. ಆದರೆ ತಿಂಗಳಿಗೆ ನೂರೈವತ್ತು, ಇನ್ನೂರು ಗ್ರಾಮಿನಂತೆ ಏರುತ್ತಿದ್ದವು. ಎರಡು ಕೂಸು ಹೋದ ಮನೆಯಲ್ಲಿ ಮೂರನೆಯದು ತಿಂಗಳು ತಿಂಗಳು ಏರುತ್ತಿದೆ ಎಂದರೆ ಸಣ್ಣ ಮಾತೇ? ದುರ್ಗವ್ವ ಆ ಕಾರ್ಡನ್ನು ಬಂದ ಬಂದವರಿಗೆಲ್ಲ ತೋರಿಸುತ್ತಿದ್ದಳು. ನಮ್ಮ ದುರ್ಗವ್ವನಿಗೆ ಆಗ ಸ್ವಲ್ಪ ಕೋಡು ಮೂಡಿದ್ದವು, ಮುಚ್ಚಿಡುವುದೇಕೆ.

ದೀಪಾವಳಿ ಕಳೆದ ವಾರ ನರ್ಸಬಾಯಿ ಖಾದರಬಿ ಊರಿಗೆ ಬಂದಾಗ ಚೀಲದಿಂದ ಒಂದು ಹೊಸ ಹತ್ಯಾರು ತೆಗೆದಳು. ದವಾಖಾನೆಯಲ್ಲಿ ಬೇಡಾದ ಎಕ್ಸರೇ ಫಿಲ್ಮನ್ನು ಸೋಡಾ ಹಾಕಿ ತೊಳೆದು, ಬೆರಳಗಲ ಕತ್ತರಿಸಿ, ಕೆಂಪು, ಹಳದಿ, ಹಸಿರು ಬಣ್ಣ ಹಚ್ಚಿದ ಪಟ್ಟಿ. ವರ್ಷ ತುಂಬಿದ ಕೂಸಿನ ರಟ್ಟೆಗೆ ಸುತ್ತಿದರೆ ಯಾವ ಬಣ್ಣಕ್ಕೆ ಬರುತ್ತದೋ ನೋಡುವುದು. ಹಸಿರಾದರೆ ಚಿಂತೆಯಿಲ್ಲ, ಹಳದಿಯಾದರೆ ಎಚ್ಚರ, ಕೆಂಪಾದರೆ ತಡಮಾಡದೆ ದವಾಖಾನೆ.

“ಇದಕ್ಕ ಅಕ್ಷರ ಬ್ಯಾಡ, ಅಂಕಿ ಬ್ಯಾಡ. ಬಣ್ಣ ಗೊತ್ತಿದ್ರ ಮುಗೀತು,” ಎಂದಳು ಖಾದರಬಿ.

ದುರ್ಗವ್ವ ಮೊಟ್ಟಮೊದಲು ಕರೆಸಿದ್ದು ತನ್ನ ಹೆಮ್ಮೆಯ ಕೂಸನ್ನೇ. ಹದಿನಾಲ್ಕು ತಿಂಗಳ ತಿಪ್ಪಣ್ಣನನ್ನು ಸಣ್ಣವ್ವ ಎತ್ತಿಕೊಂಡು ಬಂದಳು. ಅಂಗಿಯ ತೋಳು ಮೇಲೇರಿಸಿ ಖಾದರಬಿ ಪಟ್ಟಿ ಸುತ್ತಿದಳು. ಕೆಂಪು. ಸಡಿಲಿಸಿ ಮತ್ತೆ ಸುತ್ತಿದಳು. ಮತ್ತೂ ಕೆಂಪು.

“ಪಟ್ಟಿ ಸುಳ್ಳ ಐತ್ರಿ ಬಾಯಾರ. ನನ್ನ ಕಾರ್ಡ್ ನೋಡ್ರಿ, ಹೆಂಗ ಏರೇತಿ,” ಎಂದು ದುರ್ಗವ್ವ ಕಾರ್ಡು ಮುಂದೆ ಹಿಡಿದಳು.

ಖಾದರಬಿ ಕಾರ್ಡು ನೋಡಲಿಲ್ಲ. “ನಿನ್ನ ಕೈಲೆ ಹಿಡದ ನೋಡ,” ಎಂದಳು.

ದುರ್ಗವ್ವ ರಟ್ಟೆ ಹಿಡಿದಳು. ಹೆಬ್ಬೆರಳಿಗೆ ಎಲುಬು ಸಿಕ್ಕಿತು. ಉಣ್ಣೆ ನೋಡಿ ಕುರಿ ಕೊಳ್ಳಬೇಡ, ಬೆನ್ನು ಒತ್ತಿ ನೋಡು ಎಂದು ಅವಳಪ್ಪ ಸಂತೆಯಲ್ಲಿ ನೂರು ಸಲ ಹೇಳಿದ್ದ. ಹತ್ತು ವರ್ಷಕ್ಕೇ ಕುರಿಯ ಬೆನ್ನು ಒತ್ತಿ ಮಾಂಸ ಎಷ್ಟೆಂದು ಹೇಳುತ್ತಿದ್ದ ಹುಡುಗಿ, ಈಗ ಕೂಸನ್ನು ಅಂಗಿಯ ಮೇಲಿಂದ ತೂಗಿ ಚುಕ್ಕೆ ಇಡುತ್ತ ಕೂತಿದ್ದಳು. ಸಣ್ಣವ್ವ ಮಗನನ್ನು ಕಂಕುಳಿಗೆ ಬದಲಿಸಿಕೊಂಡಾಗ ಅಂಗಿಯ ಒಳಗಿಂದ ಗಲ್ ಎಂದು ಲೋಹದ ಸದ್ದಾಯಿತು. ದುರ್ಗವ್ವ ಅಂಗಿಯ ಮೇಲಿಂದಲೇ ಕೂಸಿನ ಸೊಂಟ ತಡವಿದಳು. ಏರುತ್ತಿದ್ದದ್ದು ಕೂಸಲ್ಲ, ಉಡಿದಾರ. ತಿಂಗಳಿಗೊಂದು ಅಮಾಸೆ, ಅಮಾಸೆಗೊಂದು ತುಂಡು.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಪಟ್ಟಿ ಹೊಸದು, ಅದನ್ನು ಹಳಿದು ಕಾರ್ಡು ಉಳಿಸಿಕೊಳ್ಳಬಹುದಿತ್ತು. ಆದರೆ ಆ ಮನೆಯ ಮೂರನೆಯ ಕೂಸೂ ಹೋದರೆ, ಕೊನೆಯ ದಿನದವರೆಗೂ ತನ್ನ ಚುಕ್ಕೆ ಮೇಲೆಯೇ ಹೋಗುತ್ತಿರುತ್ತದಲ್ಲ ಎಂದು ಅವಳಿಗೆ ಅನಿಸಿತು. ಕಾಂಟಾ ಹೆಗಲಿಗೇರಿಸಿ, ಖಾದರಬಿಯನ್ನೂ ಸಣ್ಣವ್ವನನ್ನೂ ಕರೆದುಕೊಂಡು ನೇರ ಫಕೀರವ್ವನ ಕಟ್ಟೆಗೆ ಹೋದಳು.

ಮುದುಕಿ ಶೇಂಗಾ ಸುಲಿಯುತ್ತ ಕೂತಿದ್ದಳು.

“ಆಯಿ, ನನ್ನಿಂದ ತಪ್ಪಾಗೇತಿ,” ಎಂದಳು ದುರ್ಗವ್ವ. “ಐದ್ ತಿಂಗಳದಿಂದ ನಾ ನಿನ್ನ ಮೊಮ್ಮಗನ್ನ ತೂಗಿಲ್ಲ. ಉಡಿದಾರ ತೂಗೇನಿ. ಕೂಸು ಒಳಗೊಳಗ ಸೊರಗೇತಿ.”

ಫಕೀರವ್ವನ ಕೈ ನಿಂತಿತು. “ಉಡಿದಾರ ಬಿಚ್ಚಂತೀ ಏನಬೇ? ನನ್ನ ಹೆಣಾ ದಾಟಿ ಬಿಚ್ಚ!”

“ಬಿಚ್ಚಬ್ಯಾಡ. ನಿನ್ನ ಎರಡೂ ಅಂಗೈ ಮ್ಯಾಲ ಎತ್ತಿ ಹಿಡಿ, ಸಾಕು. ಸೊಂಟಕ್ಕ ಇದ್ದದ್ದು ಸೊಂಟಕ್ಕ ಇರತೈತಿ.”

ಒಳಗೆ ಹೋಗಿ ಜಂತಿಗೆ ಕಾಂಟಾ ಕಟ್ಟಿದರು. ಬಾಗಿಲು ಮುಂದೆ ಮಾಡಿದರು, ಕಣ್ಣು ಬೀಳದಿರಲಿ ಎಂದು. ಅಂಗಿ ಬಿಚ್ಚಿದಾಗ ಮೊದಲ ಬಾರಿಗೆ ದುರ್ಗವ್ವನಿಗೂ ಖಾದರಬಿಗೂ ಉಡಿದಾರ ಪೂರಾ ಕಂಡಿತು: ಎತ್ತಿನ ಗೆಜ್ಜೆ, ಲಾಳದ ತುಂಡು, ತಾಮ್ರದ ತಾಯಿತ, ತೂತಿನ ದುಡ್ಡು, ಕಬ್ಬಿಣದ ಬಳೆ, ಇನ್ನೂ ಏನೇನೋ, ಕೊನೆಗೆ ಕೀಲಿಕೈ ಕಳೆದುಹೋದ ಒಂದು ಹಿತ್ತಾಳೆ ಕೀಲಿ. ಪಾಪ, ಹಳಬರ ಸಂದೂಕದ ಕೀಲಿಯನ್ನೂ ಬಿಟ್ಟಿರಲಿಲ್ಲ ಮುದುಕಿ. ಕೂಸು ಜೋಲಿಯಲ್ಲಿ ಕೂತಿತು. ಮುಳ್ಳು ಆರೂ ಮುಕ್ಕಾಲು ಕಿಲೋಕ್ಕೆ ನಿಂತಿತು.

“ಈಗ ಎತ್ತ ಆಯಿ.”

ಫಕೀರವ್ವ ಎರಡೂ ಕೈಯಲ್ಲಿ ಆ ಲೋಹದ ಗೊಂಚಲನ್ನೆಲ್ಲ ಎತ್ತಿ ಹಿಡಿದಳು. ಮುಳ್ಳು ಸರಸರ ಕೆಳಗೆ ಜಾರಿ ಐದೂ ಮುಕ್ಕಾಲಿನ ಹತ್ತಿರ ನಿಂತಿತು. ಮುದುಕಿಗೆ ಅಂಕಿ ಬರುತ್ತಿರಲಿಲ್ಲ, ಜಾರಿದ್ದು ಕಂಡಿತು. ಕೈ ಇಳಿಸಿದಳು, ಮುಳ್ಳು ಏರಿತು. ಎತ್ತಿದಳು, ಇಳಿಯಿತು. ಮೂರು ಸಲ ಹಾಗೆ ಮಾಡಿ, “ಅಯ್ಯ ಶಿವನ, ಇಷ್ಟ ಏನ ನನ್ನ ಕೂಸು?” ಎಂದು ಕೂಸನ್ನು ಜೋಲಿಯಿಂದ ಬಿಡಿಸಿ ಮಡಿಲಿಗೆ ಹಾಕಿಕೊಂಡಳು.

ಸಣ್ಣವ್ವ ಕೂಸಿನ ಅಂಗಿ ಕೈಗೆತ್ತಿಕೊಂಡಳು. “ಅತ್ತಿ, ದವಾಖಾನಿಗೆ ಹೋಗೂಣು,” ಎಂದಳು. ಅತ್ತೆಯ ಮುಂದೆ ಅವಳು ದನಿ ಎತ್ತಿದ್ದು ಅದೇ ಮೊದಲು. ಮುದುಕಿ ತಲೆಯಾಡಿಸಿದಳು.

ಚಕ್ಕಡಿ ಕಟ್ಟಿಸಿಕೊಂಡು ಕುಂದಗೋಳಕ್ಕೆ ಹೋದರು. ಹೊಟ್ಟೆಯಲ್ಲಿ ಜಂತು, ಅದರ ಮೇಲೆ ಬರೀ ಗಂಜಿಯ ತಿಳಿ. ಗಟ್ಟಿ ತಿನಿಸಿದರೆ ಕೂಸಿಗೆ ದಕ್ಕುವುದಿಲ್ಲ ಎಂದು ಮುದುಕಿ ವರ್ಷವಿಡೀ ತಿಳಿಯನ್ನೇ ಕುಡಿಸಿದ್ದಳು. ಡಾಕ್ಟರು ಹನ್ನೆರಡು ದಿನ ಇಟ್ಟುಕೊಂಡು, ಔಷಧ ಕೊಟ್ಟು, ಉಣಿಸುವ ರೀತಿ ಹೇಳಿ ಕಳಿಸಿದರು. ದಿನಕ್ಕೆ ಐದು ಸಲ, ಸ್ವಲ್ಪ ಸ್ವಲ್ಪವೇ: ಮೆತ್ತಗಿನ ಅನ್ನಕ್ಕೆ ಬೇಳೆ, ಎಣ್ಣೆ, ಶೇಂಗಾದ ಪುಡಿ, ಬೆಲ್ಲ. ದುರ್ಗವ್ವ ದಿನಾ ಎರಡು ಹೊತ್ತು ಹೋಗಿ ಎದುರು ಕೂತು ಉಣಿಸಿ ಬರುತ್ತಿದ್ದಳು. ಮೊದಲ ವಾರ ಕೂಸು ಉಗುಳಿತು. ಆಮೇಲೆ ನುಂಗಿತು. ಆಮೇಲೆ ಬಟ್ಟಲು ಇಳಿಸಿದರೆ ಚೀರತೊಡಗಿತು. ಆ ಚೀರಾಟ ಕೇಳಿ ಮನೆಮಂದಿಯೆಲ್ಲ ಹಿಗ್ಗಿದರು.

ಈ ನಡುವೆ ಅವಳು ಓಣಿಯ ಮನೆ ಮನೆಗೆ ಪಟ್ಟಿ ಹಿಡಿದು ನಡೆದಳು. ಇನ್ನೂ ಎರಡು ಕೂಸು ಕೆಂಪಿಗೆ ಸಿಕ್ಕವು, ಎರಡನ್ನೂ ದವಾಖಾನೆಗೆ ಕಳಿಸಿದಳು. ಮೇಲ್ವಿಚಾರಕಿ ಬಂದಾಗ ತಿಪ್ಪಣ್ಣನ ಐದು ಚುಕ್ಕೆಗಳನ್ನು ತಾನೇ ಅಡ್ಡಗೆರೆ ಎಳೆದು ಹೊಡೆದು ತೋರಿಸಿದಳು. ನಾಲ್ಕು ಮಾತು ಬೈಸಿಕೊಂಡಳು. ಈ ಸಲ ತಿರುಗಿ ಬೈಯಲಿಲ್ಲ.

ಸಂಕ್ರಾಂತಿಯ ಮಾರನೆಯ ದಿನ ಪಟ್ಟಿ ಸುತ್ತಿದಾಗ ಹಳದಿ ಬಂತು. ದುರ್ಗವ್ವ ಬಾಯಿ ತೆರೆಯುವ ಮೊದಲೇ ಫಕೀರವ್ವ, “ಅರಿಷಿಣ ಬಣ್ಣ! ಕೆಂಪ ದಾಟ್ಯಾನ ನನ್ನ ತಿಪ್ಪ್ಯಾ!” ಎಂದು ಓಣಿಗೆಲ್ಲ ಕೇಳುವಂತೆ ಕೂಗಿದಳು. ಎರಡು ತಿಂಗಳಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದಂತಾಗಿ ದುರ್ಗವ್ವ ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟಳು. ಅಳು ಬಂತು, ಅತ್ತಳು.

“ಆವತ್ತ ನೀ ನನ್ನ ಮಾತ ಕೇಳ್ತಿ ಅಂತ ಅನಿಸಿರಲಿಲ್ಲ ಆಯಿ,” ಎಂದಳು ಕಣ್ಣೊರೆಸಿಕೊಳ್ಳುತ್ತ. “ಬೈದು ಹೊರಗ ಹಾಕ್ತಿ ಅಂದ್ಕೊಂಡಿದ್ನಿ.”

“ಹಾಕಾಕಿನ ಇದ್ನಿ,” ಎಂದಳು ಫಕೀರವ್ವ. “ಆ ಎರಡ್ ಕೂಸು ಹೋದಾಗ ಊರ ಮಂದಿ ಎಲ್ಲಾ ಬಂದ್ರು. ನನ್ನ ತಪ್ಪ ಹೇಳಿದ್ರು, ನನ್ನ ಸೊಸಿ ತಪ್ಪ ಹೇಳಿದ್ರು. ತನ್ನ ತಪ್ಪ ಹೇಳ್ಕೊಂಡ ನನ್ನ ಕಟ್ಟಿಗೆ ಬಂದಾಕಿ ನೀ ಒಬ್ಬಾಕಿನ. ಹೆಂಗ ಹೊರಗ ಹಾಕ್ಲಿ?”

ಎಂದವಳೇ ಸೆರಗಿನಿಂದ ಮೊಮ್ಮಗನ ಮೂಗು ಒರೆಸಿ, ದುರ್ಗವ್ವನ ಕೈಯಿಂದ ಪಟ್ಟಿ ಕಿತ್ತುಕೊಂಡಳು.

“ಇದನ್ನಿಲ್ಲಿ ಕೊಡ. ನಮ್ಮ ಓಣಿ ಶರೀಫಸಾಬನ ಮನಿಗೆ ಮೊಮ್ಮಗಳು ಬಂದೈತಿ ಅಳ್ನಾವರದಿಂದ. ಅದರ ರಟ್ಟಿ ನೋಡಿ ಬರ್ತೀನಿ.”